ತೆರೆಯಲೆಂದೇ ಮುಚ್ಚಿದ್ದು

ಆಹಾರದ ಪೊಟ್ಟಣಕ್ಕೆ ವಹಿಸಿರುವ ಎರಡು ಕೆಲಸಗಳು ಒಂದಕ್ಕೊಂದು ಎದುರು. ಕಾರ್ಖಾನೆ ಬಿಟ್ಟ ಗಳಿಗೆಯಿಂದ ಮನೆ ಸೇರುವವರೆಗೆ ಅದು ಯಾವ ಕಾರಣಕ್ಕೂ ಬಾಯಿ ಬಿಡಕೂಡದು. ಮನೆ ಸೇರಿದ ಮೇಲೆ ಎರಡು ಬೆರಳು ತಾಗಿಸಿದ ಕೂಡಲೇ ಬಿಡಬೇಕು. ಮೊದಲ ಕೆಲಸವೇನೂ ಸುಲಭದ್ದಲ್ಲ. ಲಾರಿಯ ಕುಲುಕಾಟ, ಗೋದಾಮಿನಲ್ಲಿ ಒಂದರ ಮೇಲೊಂದು ಪೇರಿಸಿದ ಪೆಟ್ಟಿಗೆಗಳ ಭಾರ, ಬಿಸಿಲು, ತೇವ, ಇರುವೆ ಎಲ್ಲವನ್ನೂ ತಡೆದುಕೊಳ್ಳಬೇಕು. ಮಂಗಳೂರಿನ ಕಡಲ ಮಟ್ಟದಲ್ಲಿ ತುಂಬಿ ಮುಚ್ಚಿದ ಚಿಪ್ಸ್ ಪ್ಯಾಕೆಟ್ ಘಾಟಿ ಹತ್ತಿ ಬೆಂಗಳೂರಿಗೆ ಬರುವಷ್ಟರಲ್ಲಿ ಸುತ್ತಲಿನ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಭಾಗ ಇಳಿದಿರುತ್ತದೆ. ಪ್ಯಾಕೆಟ್ ಉಬ್ಬಲು ಆಸ್ಪದವೇ ಇಲ್ಲದಿದ್ದರೆ 15 ಸೆಂ.ಮೀ. ಅಗಲ, 20 ಸೆಂ.ಮೀ. ಉದ್ದದ ಅದರ ಒಂದೊಂದು ಮುಖವನ್ನೂ ಒಳಗಿನ ಗಾಳಿ ಸುಮಾರು 30 ಕಿಲೋ ತೂಕದಷ್ಟು ಬಲದಿಂದ ಹೊರಕ್ಕೆ ತಳ್ಳುತ್ತಿತ್ತು. ತುಂಬುವಾಗಲೇ ಒಂದಿಷ್ಟು ಸಡಿಲ ಬಿಟ್ಟಿರುವುದರಿಂದ ಪ್ಯಾಕೆಟ್ ಉಬ್ಬಿ ಸುಮ್ಮನಾಗುತ್ತದೆ.

ಇಷ್ಟನ್ನು ತಡೆದ ಅದೇ ಪ್ಯಾಕೆಟ್ಟನ್ನು ಎಂಟು ವರ್ಷದ ಮಗು ಬಿಡಿಸುತ್ತದೆ. ಬಿಡಿಸಬಹುದಾದದ್ದು ಏಕೆಂದರೆ ಎರಡೂ ಬಲಗಳು ಬರುವ ರೀತಿ ಬೇರೆ. ಸಾಗಾಟದ ಬಲ ಪೊಟ್ಟಣದ ಮೈತುಂಬ ಹರಡಿಕೊಂಡು ಬರುತ್ತದೆ. ಕೈಯ ಬಲ ಒಂದು ಜಾಗದಲ್ಲಿ, ಒಂದು ದಿಕ್ಕಿನಲ್ಲಿ ಬರುತ್ತದೆ. ಹರಡಿದ ಬಲಕ್ಕೆ ಜಗ್ಗದೆ, ಗೊತ್ತುಮಾಡಿದ ಜಾಗಕ್ಕೆ ಗೊತ್ತುಮಾಡಿದ ದಿಕ್ಕಿನಿಂದ ಬಂದ ಸಣ್ಣ ಬಲಕ್ಕೆ ಮಾತ್ರ ಸೋಲುವಂತೆ ಮಾಡುವುದೇ ವಿನ್ಯಾಸಕಾರನ ಕಸುಬು. ಹಾಗೆ ಸೋಲಿಸಲು ಮುಖ್ಯವಾಗಿ ಎರಡು ದಾರಿಗಳಿವೆ: ಹಾಳೆಯನ್ನೇ ಹರಿಯುವುದು, ಇಲ್ಲವೇ ಅಂಟಿಕೊಂಡ ಎರಡು ಹಾಳೆಗಳನ್ನು ಬೇರೆ ಮಾಡಿ ಸುಲಿಯುವುದು.

ಹರಿಯುವುದರಲ್ಲಿ ಎರಡು ಹಂತಗಳಿವೆ: ಹರಿತ ಶುರುವಾಗುವುದು ಮತ್ತು ಮುಂದುವರಿಯುವುದು. ಎಲ್ಲ ಹಾಳೆಗಳಲ್ಲೂ ಎರಡೂ ಒಂದೇ ತೆರನಲ್ಲ. ಬಿಸ್ಕತ್ತು, ಚಿಪ್ಸ್ ಪ್ಯಾಕೆಟ್ಟುಗಳ ಗರಿಗರಿ ಹಾಳೆ ಬಹುಮಟ್ಟಿಗೆ ಪಾಲಿಪ್ರೊಪಿಲೀನ್. ತಯಾರಿಸುವಾಗ ಅದನ್ನು ಉದ್ದಕ್ಕೆ ಸುಮಾರು ಐದು ಪಟ್ಟು, ಅಡ್ಡಕ್ಕೆ ಎಂಟೊಂಬತ್ತು ಪಟ್ಟು ಎಳೆದಿರುತ್ತಾರೆ. ಎಳೆದಾಗ ಸಿಕ್ಕುಸಿಕ್ಕಾಗಿದ್ದ ಅಣುಸರಪಳಿಗಳು ಸಾಲುಗೂಡಿ ಹಾಳೆ ಗಡುಸಾಗುತ್ತದೆ. 20 ಮೈಕ್ರಾನ್ ದಪ್ಪದ, ಒಂದೂವರೆ ಸೆಂಟಿಮೀಟರ್ ಅಗಲದ ಇಂಥ ಪಟ್ಟಿ ನಾಲ್ಕು ಕಿಲೋ ತೂಕವನ್ನು ತೂಗುಹಾಕಿದರೂ ಹರಿಯುವುದಿಲ್ಲ. ಆದರೆ ಅಂಚಿನಲ್ಲಿ ಉಗುರಿನಷ್ಟು ಗಾಯ ಮಾಡಿ ಎಳೆದರೆ ಸರ್ರನೆ ಎರಡು ಹೋಳು. ಹಾಲಿನ ಪ್ಯಾಕೆಟ್ಟಿನ ಪಾಲಿಥೀನ್ ಇದಕ್ಕೆ ತದ್ವಿರುದ್ಧ. ಗಾಯ ಮಾಡುವುದು ಕಷ್ಟವಲ್ಲ, ಅದನ್ನು ಮುಂದಕ್ಕೆ ಒಯ್ಯುವುದು ಕಷ್ಟ. ಎಳೆದಷ್ಟೂ ಹಿಗ್ಗಿ, ಬೆಳ್ಳಗಾಗಿ, ಬೆರಳಿಗೆ ಸುತ್ತಿಕೊಳ್ಳುತ್ತದೆಯೇ ಹೊರತು ಹರಿಯುವುದಿಲ್ಲ. ಹಲ್ಲಿನಿಂದ ಕಚ್ಚಿ ಎಳೆದವರ ಮೂತಿಗೆ ಹಾಲು ಚಿಮ್ಮುವುದು ಇದೇ ಕಾರಣಕ್ಕೆ.

ಗಾಯಕ್ಕೆ ಅಷ್ಟು ಬಲ ಎಲ್ಲಿಂದ ಬಂತು? ಕೇಂಬ್ರಿಜ್‌ನ ಎಂಜಿನಿಯರ್ ಚಾರ್ಲ್ಸ್ ಇಂಗ್ಲಿಸ್ 1913ರಲ್ಲಿ ಇದರ ಲೆಕ್ಕ ಕೊಟ್ಟರು. ಅವರ ತಲೆಯಲ್ಲಿದ್ದದ್ದು ಹಡಗಿನ ಉಕ್ಕಿನ ತಗಡುಗಳೇ ಹೊರತು ತಿಂಡಿ ಪೊಟ್ಟಣವಲ್ಲ. ತಗಡನ್ನು ಎಳೆದಾಗ ಅದರಲ್ಲಿರುವ ದುಂಡು ತೂತಿನ ಅಂಚಿನಲ್ಲಿ ಬಿಗಿತ ಉಳಿದೆಡೆಗಿಂತ ಮೂರು ಪಟ್ಟು ಇರುತ್ತದೆ. ತೂತು ಉದ್ದುದ್ದವಾಗಿ ಅದರ ತುದಿ ಚೂಪಾದಷ್ಟೂ ಈ ಪಟ್ಟು ಏರುತ್ತದೆ. ಹಾಳೆಯ ಅಂಚಿನಲ್ಲಿ 2 ಮಿಲಿಮೀಟರ್ ಆಳದ ಕಚ್ಚು ಇದ್ದು, ಅದರ ತುದಿಯ ದುಂಡಗಿನ ತ್ರಿಜ್ಯ ಮಿಲಿಮೀಟರಿನ ಐವತ್ತನೇ ಒಂದು ಭಾಗವಾಗಿದ್ದರೆ, ಇಂಗ್ಲಿಸ್ ಲೆಕ್ಕದ ಪ್ರಕಾರ ತುದಿಯಲ್ಲಿ ಬಿಗಿತ ಸುಮಾರು 21 ಪಟ್ಟು. ಬೆರಳು ಕೊಡುವುದು ಒಂದೇ ಪಾಲು, ಉಳಿದ ಇಪ್ಪತ್ತನ್ನು ಕಚ್ಚಿನ ಆಕಾರ ಕೊಡುತ್ತದೆ.

ಇಂಗ್ಲೆಂಡಿನ ಎ. ಎ. ಗ್ರಿಫಿತ್ 1921ರಲ್ಲಿ ಇನ್ನೊಂದು ಅಂಶ ಸೇರಿಸಿದರು. ಬಿರುಕು ಮುಂದುವರಿಯಬೇಕಾದರೆ ಹೊಸ ಮೇಲ್ಮೈ ಹುಟ್ಟಬೇಕು, ಅದಕ್ಕೆ ಶಕ್ತಿ ಬೇಕು. ಎಳೆತದಿಂದ ವಸ್ತುವಿನಲ್ಲಿ ಸೇರಿದ ಶಕ್ತಿ ಆ ಖರ್ಚನ್ನು ಭರಿಸಿದರೆ ಮಾತ್ರ ಬಿರುಕು ಓಡುತ್ತದೆ. ಗ್ರಿಫಿತ್ ಪ್ರಯೋಗ ಮಾಡಿದ ಗಾಜಿನಲ್ಲಿ ಖರ್ಚು ಕಡಿಮೆ. ಪಾಲಿಥೀನಿನಲ್ಲಿ ಬಿರುಕಿನ ತುದಿಯಲ್ಲಿರುವ ವಸ್ತು ಹಿಗ್ಗುತ್ತಾ ಶಕ್ತಿಯನ್ನು ನುಂಗಿಬಿಡುತ್ತದೆ, ಚೂಪಾಗಿದ್ದ ತುದಿ ಮೊಂಡಾಗುತ್ತದೆ, ಇಂಗ್ಲಿಸ್ ಕೊಟ್ಟ 21 ಪಟ್ಟಿನ ಲಾಭ ಕರಗುತ್ತದೆ. ಹಾಲಿನ ಪ್ಯಾಕೆಟ್ಟಿಗೆ ಬರೀ ಕಚ್ಚು ಕೊಟ್ಟರೆ ಸಾಲದು ಎನ್ನುವುದು ಇದರಿಂದ ತಿಳಿಯುತ್ತದೆ.

ಹಾಳೆಯ ಹರಿತವನ್ನು ಅಳೆಯಲು ಕಾರ್ಖಾನೆಗಳಲ್ಲಿ ಇಂದಿಗೂ ಬಳಸುವುದು 1920ರ ದಶಕದಲ್ಲಿ ಆರ್ಮಿನ್ ಎಲ್ಮೆನ್‌ಡಾರ್ಫ್ ಕಾಗದಕ್ಕೆಂದು ರೂಪಿಸಿದ ಉಪಕರಣವನ್ನು. ಮೊದಲೇ ಸೀಳಿಟ್ಟ ಹಾಳೆಯ ಒಂದು ಅಂಚನ್ನು ನಿಂತ ಹಿಡಿಕೆಗೂ ಇನ್ನೊಂದನ್ನು ಲೋಲಕಕ್ಕೂ ಸಿಕ್ಕಿಸಿ ಲೋಲಕವನ್ನು ಬಿಡುತ್ತಾರೆ. ಹಾಳೆಯನ್ನು ಹರಿದುಕೊಂಡು ಅದು ಆಚೆ ಬದಿಗೆ ಎಷ್ಟು ಕಡಿಮೆ ಎತ್ತರಕ್ಕೆ ಏರಿತೋ ಅಷ್ಟು ಶಕ್ತಿ ಹರಿತಕ್ಕೆ ಖರ್ಚಾಯಿತು ಎಂದು ಲೆಕ್ಕ.

ಪ್ಯಾಕೆಟ್ಟುಗಳ ತುದಿಯಲ್ಲಿ ಕಾಣುವ ಗರಗಸದ ಹಲ್ಲಿನಂಥ ಅಂಚು ಕಚ್ಚಿನ ಅತ್ಯಂತ ಅಗ್ಗದ ರೂಪ. ಯಂತ್ರದಲ್ಲಿ ಪ್ಯಾಕೆಟ್ಟುಗಳು ಒಂದರ ಹಿಂದೊಂದು ಸರಮಾಲೆಯಾಗಿ ಬರುತ್ತವೆ. ಹಲ್ಲಿರುವ ಅಲಗು ಅವನ್ನು ಬಿಡಿಬಿಡಿಯಾಗಿ ಕತ್ತರಿಸುತ್ತದೆ. ಹಲ್ಲುಗಳು ಹಾಳೆಯೊಳಕ್ಕೆ ಒಮ್ಮೆಲೇ ಇಳಿಯದೆ ಮೊನೆಯಿಂದ ಬುಡಕ್ಕೆ ಕ್ರಮವಾಗಿ ಇಳಿಯುವುದರಿಂದ ಕತ್ತರಿಸುವುದೂ ಸುಲಭ. ಕತ್ತರಿಸಿ ಉಳಿದ ಪ್ರತಿ ತಗ್ಗೂ ಒಂದು ಕಚ್ಚಾಗುತ್ತದೆ. ಎಲ್ಲಿ ಹಿಡಿದರೂ ಹತ್ತಿರದಲ್ಲಿ ಒಂದು ಕಚ್ಚು ಸಿಗುತ್ತದೆ ಎನ್ನುವುದು ಇದರ ಅನುಕೂಲ. ಹರಿತ ಎತ್ತ ಹೋಗುತ್ತದೆಂದು ಹೇಳಲಾಗದು ಎನ್ನುವುದು ಅನನುಕೂಲ. ಜಪಾನಿನ ಸೋಯಾ ಸಾಸ್ ಪೊಟ್ಟಣಗಳಲ್ಲಿ ಇದರ ನಾಜೂಕಾದ ರೂಪ ಬಳಕೆಯಲ್ಲಿದೆ. ಸೀಲ್ ಆದ ಅಂಚಿನ ಉದ್ದಕ್ಕೂ ಕಣ್ಣಿಗೆ ಸುಲಭಕ್ಕೆ ಕಾಣದಷ್ಟು ಸಣ್ಣ ಗಾಯಗಳನ್ನು ಮಾಡಿರುತ್ತಾರೆ. ಎಲ್ಲಿಂದ ಬೇಕಾದರೂ ಹರಿಯಿರಿ ಎಂದು ಪೊಟ್ಟಣದ ಮೇಲೇ ಅಚ್ಚು ಹಾಕಿರುತ್ತಾರೆ. ಹೇಳಿದಂತೆ ಹರಿಯುತ್ತದೆ ಕೂಡ.

ಹರಿತ ಶುರುವಾದ ಮೇಲೆ ಅದಕ್ಕೆ ದಾರಿ ತೋರಿಸಬೇಕು. ಹಾಳೆಯನ್ನು ಒಂದೇ ದಿಕ್ಕಿಗೆ ಹೆಚ್ಚು ಎಳೆದು ತಯಾರಿಸಿದ್ದರೆ ಹರಿತ ಆ ದಿಕ್ಕನ್ನೇ ಹಿಡಿಯುತ್ತದೆ, ಬಿದಿರು ಉದ್ದಕ್ಕೆ ಸೀಳುವ ಹಾಗೆ. ಇನ್ನೊಂದು ಉಪಾಯ ಬಿಸ್ಕತ್ತು ಪ್ಯಾಕೆಟ್ಟಿನ ಕೆಂಪು ಎಳೆ. ಹಾಳೆಗಿಂತ ಗಟ್ಟಿಯಾದ ಕಿರಿದಾದ ಪಟ್ಟಿಯನ್ನು ಒಳಗಿನಿಂದ ಅಂಟಿಸಿ, ತುದಿಯನ್ನು ಹೊರಗೆ ಬಿಟ್ಟಿರುತ್ತಾರೆ. ಎಳೆದರೆ ಪಟ್ಟಿ ಹರಿಯದೆ, ತನ್ನ ಇಕ್ಕೆಲದ ಹಾಳೆಯನ್ನು ಹರಿದುಕೊಂಡು ಬರುತ್ತದೆ. ಜಪಾನಿನ ಅಂಗಡಿಗಳಲ್ಲಿ ಸಿಗುವ ಓನಿಗಿರಿ ಎಂಬ ತ್ರಿಕೋನಾಕಾರದ ಅನ್ನದ ಉಂಡೆಯ ಹೊದಿಕೆ ಈ ಉಪಾಯದ ಪರಮಾವಧಿ. ಉಂಡೆಗೆ ಸುತ್ತುವ ಕಡಲಪಾಚಿಯ ಹಾಳೆ ಅನ್ನದ ತೇವಕ್ಕೆ ಮೆತ್ತಗಾಗಬಾರದೆಂದು ಎರಡರ ನಡುವೆಯೂ ಒಂದು ಪ್ಲಾಸ್ಟಿಕ್ ಪದರವಿರುತ್ತದೆ. 1, 2, 3 ಎಂದು ಹೊದಿಕೆಯ ಮೇಲೆ ಅಂಕೆಗಳಿವೆ. ನಡುವಿನ ಎಳೆಯನ್ನು ಮೇಲಿನಿಂದ ಕೆಳಕ್ಕೆ ಎಳೆದು ಹೊದಿಕೆಯನ್ನು ಎರಡು ಭಾಗ ಮಾಡಿ, ಬಲಗಡೆಯದನ್ನೂ ಎಡಗಡೆಯದನ್ನೂ ಒಂದೊಂದಾಗಿ ಜಾರಿಸಿದರೆ ನಡುವಿನ ಪದರವೂ ಅವುಗಳ ಜೊತೆಗೆ ಬಂದು, ಗರಿಗರಿ ಪಾಚಿ ಅನ್ನಕ್ಕೆ ಅಂಟಿಕೊಳ್ಳುತ್ತದೆ. ಕೈಗೆ ಒಂದು ಅಗುಳೂ ಮೆತ್ತುವುದಿಲ್ಲ. ಅಂಕೆಗಳನ್ನು ಕಡೆಗಣಿಸಿದವರ ಪಾಡು ಬೇರೆ.

ಮೂರನೆಯದು ಲೇಸರ್. ಮಸಾಲೆ, ಸಾಸ್ ಸ್ಯಾಶೆಗಳ ಹಾಳೆ ಹಲವು ಪದರಗಳದ್ದು: ಹೊರಗೆ ಅಚ್ಚು ಹಿಡಿಯುವ ಗಡುಸು ಪಾಲಿಯೆಸ್ಟರ್, ಒಳಗೆ ಬಿಸಿಗೆ ಕರಗಿ ಅಂಟುವ ಪಾಲಿಥೀನ್, ನಡುವೆ ಕೆಲವೊಮ್ಮೆ ಅಲ್ಯೂಮಿನಿಯಂ. ಇಂಗಾಲದ ಡೈಆಕ್ಸೈಡ್ ಲೇಸರಿನ 10.6 ಮೈಕ್ರಾನ್ ತರಂಗದ ಅವಕೆಂಪು ಬೆಳಕನ್ನು ಪಾಲಿಯೆಸ್ಟರ್ ಹೀರಿಕೊಳ್ಳುತ್ತದೆ, ಪಾಲಿಥೀನ್ ಬಹುಪಾಲು ಹಾಯಲು ಬಿಡುತ್ತದೆ, ಅಲ್ಯೂಮಿನಿಯಂ ಪ್ರತಿಫಲಿಸುತ್ತದೆ. ಹಾಗಾಗಿ ಓಡುತ್ತಿರುವ ಹಾಳೆಯ ಮೇಲೆ ಕಿರಣ ಹಾಯಿಸಿದರೆ ಹೊರಪದರದಲ್ಲಿ ಮಾತ್ರ ಗೀರು ಬೀಳುತ್ತದೆ. ತೇವ ಮತ್ತು ಗಾಳಿಯನ್ನು ತಡೆಯುವ ಒಳಪದರಗಳಿಗೆ ಏನೂ ಆಗುವುದಿಲ್ಲ. ಅಲಗಿನಿಂದ ಇಂಥ ಗೀರು ಹಾಕಹೋದರೆ ಕೆಲವೇ ಮೈಕ್ರಾನ್ ಹೆಚ್ಚುಕಡಿಮೆಯಾದರೂ ಪೊಟ್ಟಣ ಸೋರುತ್ತದೆ.

ಇಷ್ಟಾದರೂ ಹರಿತ ಕೈಕೊಡುವುದುಂಟು. ಅಂಟಿದ ಟೇಪನ್ನು, ಚೀಟಿಯನ್ನು ಕೀಳಹೋದಾಗ ಕೈಗೆ ಬರುವ ಪಟ್ಟಿ ಕಿರಿದಾಗುತ್ತಾ ಹೋಗಿ ಕೊನೆಗೆ ಮೊನೆಯಾಗಿ ತುಂಡಾಗುವುದು ಎಲ್ಲರಿಗೂ ಗೊತ್ತು. ಚಿಲಿ, ಫ್ರಾನ್ಸ್ ಮತ್ತು ಅಮೆರಿಕದ ಭೌತವಿಜ್ಞಾನಿಗಳ ತಂಡವೊಂದು 2008ರಲ್ಲಿ ಇದರ ಗುಟ್ಟು ಬಿಡಿಸಿತು. ಎಳೆಯುವ ಪಟ್ಟಿ ಬುಡದಲ್ಲಿ ಮಡಿಸಿಕೊಂಡಿರುತ್ತದೆ. ಆ ಮಡಿಕೆಯಲ್ಲಿ ಬಾಗುವಿಕೆಯ ಶಕ್ತಿ ಸೇರಿಕೊಂಡಿದೆ. ಪಟ್ಟಿ ಕಿರಿದಾದರೆ ಆ ಶಕ್ತಿಯ ಹೊರೆ ಇಳಿಯುತ್ತದೆ, ಆದ್ದರಿಂದ ಎರಡೂ ಬದಿಯ ಬಿರುಕುಗಳು ಒಳಮುಖವಾಗಿ ಓಡುತ್ತವೆ. ತ್ರಿಕೋನದ ಮೊನೆ ಎಷ್ಟು ಚೂಪು ಎನ್ನುವುದನ್ನು ಅಂಟು, ಹಾಳೆಯ ಬಿರುಸು, ಹರಿಯುವ ಶಕ್ತಿ ಈ ಮೂರು ನಿರ್ಧರಿಸುತ್ತವೆ.

ಸುಲಿಯುವ ಪೊಟ್ಟಣದ ತರ್ಕ ಬೇರೆ. ಇಲ್ಲಿ ಸೋಲಬೇಕಾದದ್ದು ಹಾಳೆಯಲ್ಲ, ಅಂಟು. ಎರಡು ಪಾಲಿಥೀನ್ ಮುಖಗಳನ್ನು ಬಿಸಿ ದವಡೆಗಳ ನಡುವೆ ಅರೆಕ್ಷಣ ಒತ್ತಿದರೆ ಎರಡರ ಅಣುಸರಪಳಿಗಳೂ ಒಂದರೊಳಗೊಂದು ಹೆಣೆದುಕೊಂಡು, ಆರಿದ ಮೇಲೆ ಒಂದೇ ಹಾಳೆಯಾಗುತ್ತವೆ. ಇಂಥ ಸೀಲನ್ನು ಬಿಡಿಸಲು ಬರುವುದಿಲ್ಲ. ಎಳೆದರೆ ಪಕ್ಕದ ಹಾಳೆಯೇ ಹರಿಯುತ್ತದೆ. ಬಿಸಿ ಸ್ವಲ್ಪ ತಗ್ಗಿಸಿ ಅರೆಬರೆ ಅಂಟಿಸಿದರಾಯಿತಲ್ಲ ಎನ್ನಿಸಬಹುದು. ವೇಗವಾಗಿ ಓಡುವ ಯಂತ್ರದ ದವಡೆಯ ಶಾಖ ನಾಲ್ಕಾರು ಡಿಗ್ರಿ ಏರಿಳಿಯುವುದು ಸಹಜ. ಅಷ್ಟರಲ್ಲಿ ಒಂದು ಪೊಟ್ಟಣ ಬಿಡಿಸಲಾಗದಂತೆ ಅಂಟಿರುತ್ತದೆ, ಮತ್ತೊಂದು ಲಾರಿಯಲ್ಲೇ ಬಿಚ್ಚಿಕೊಂಡಿರುತ್ತದೆ. ಹೀಗಾಗಿ ದೌರ್ಬಲ್ಯವನ್ನು ಯಂತ್ರಕ್ಕೆ ಬಿಡದೆ ಅಂಟುವ ಪದರದ ರಸಾಯನದಲ್ಲೇ ಇಡುತ್ತಾರೆ. ಪಾಲಿಥೀನಿಗೆ ಅದರೊಂದಿಗೆ ಪೂರ್ತಿ ಬೆರೆಯದ ಪಾಲಿಬ್ಯೂಟೀನನ್ನು ಸ್ವಲ್ಪ ಸೇರಿಸಿದರೆ ಪದರದೊಳಗೆ ಅಲ್ಲಲ್ಲಿ ಅದರ ನಡುಗಡ್ಡೆಗಳು ಉಳಿಯುತ್ತವೆ. ಎಳೆದಾಗ ಅವುಗಳ ಅಂಚುಗುಂಟ ಪದರ ತನ್ನೊಳಗೇ ಸೀಳುತ್ತದೆ. ಮುಚ್ಚಳ ಸುಲಿದ ಕೆಲವು ಕಪ್ಪುಗಳ ಅಂಚಿನಲ್ಲಿ ಉಳಿಯುವ ಬಿಳಿಚಿದ ಉಂಗುರ ಹೀಗೆ ಸೀಳಿದ ಪದರದ ಗುರುತು. ಒಮ್ಮೆ ತೆರೆದದ್ದನ್ನು ಮತ್ತೆ ಒತ್ತಿ ಮುಚ್ಚಿದರೂ ಆ ಬಿಳುಪು ಹೋಗದು, ಹಾಗಾಗಿ ಅದು ಮುದ್ರೆಯ ಕೆಲಸವನ್ನೂ ಮಾಡುತ್ತದೆ.

ಸುಲಿಯುವ ಬಲ ಎಳೆಯುವ ಕೋನವನ್ನು ಅವಲಂಬಿಸಿದೆ. ರೊನಾಲ್ಡ್ ರಿವ್ಲಿನ್ 1944ರಲ್ಲಿ ತೋರಿಸಿಕೊಟ್ಟ ಸೂತ್ರದ ಪ್ರಕಾರ, ಮುಚ್ಚಳವನ್ನು ನೆಟ್ಟಗೆ 90 ಡಿಗ್ರಿಯಲ್ಲಿ ಎತ್ತಲು ಬೇಕಾದ ಬಲದ ಅರ್ಧದಷ್ಟೇ ಅದನ್ನು ಹಿಂದಕ್ಕೆ ಮಡಚಿ 180 ಡಿಗ್ರಿಯಲ್ಲಿ ಎಳೆಯಲು ಸಾಕು. 30 ಡಿಗ್ರಿಯ ಓರೆಯಲ್ಲಿ ಎಳೆದರೆ ಏಳು ಪಟ್ಟಿಗೂ ಹೆಚ್ಚು ಬೇಕು. ಮೊಸರಿನ ಕಪ್ಪಿನ ಮುಚ್ಚಳವನ್ನು ಅವಸರದಲ್ಲಿ ಓರೆಯಾಗಿ ಜಗ್ಗಿದಾಗ ಅಂಟು ಬಿಡದೆ ಹಾಳೆಯ ಕಿವಿಯೇ ಕಿತ್ತು ಬರುವುದು ಇದರಿಂದ. ಬಲ ಅಗಲವನ್ನೂ ಅವಲಂಬಿಸಿದೆ. ಸೀಲಿನ ಗಟ್ಟಿತನ 15 ಮಿಲಿಮೀಟರ್ ಅಗಲಕ್ಕೆ 10 ನ್ಯೂಟನ್ ಇದ್ದರೆ, 75 ಮಿಲಿಮೀಟರ್ ಬಾಯನ್ನು ಒಟ್ಟಿಗೆ ಬಿಡಿಸಲು 50 ನ್ಯೂಟನ್, ಅಂದರೆ ಐದು ಕಿಲೋ ಎತ್ತುವಷ್ಟು ಬಲ ಬೇಕಾಗುತ್ತದೆ. ಸೀಲನ್ನು ನೇರ ಗೆರೆಯಾಗಿ ಹಾಕದೆ ಮೊನೆಯ ಆಕಾರದಲ್ಲಿ ಹಾಕಿದರೆ ಸುಲಿತ ಬರೀ ಎರಡು ಮೂರು ಮಿಲಿಮೀಟರ್ ಅಗಲದಿಂದ ಶುರುವಾಗಿ ಮೆಲ್ಲಗೆ ಹಿಗ್ಗುತ್ತದೆ. ಆಸ್ಪತ್ರೆಗಳಲ್ಲಿ ಬಳಸುವ ಸುಲಿಯುವ ಪೌಚುಗಳಲ್ಲಿ ಈ ಮೊನೆಯನ್ನು ಕಾಣಬಹುದು.

ತಗಡಿನ ಡಬ್ಬಿಯ ಚರಿತ್ರೆಯಲ್ಲಿ ತೆರೆಯುವ ಯೋಚನೆ ಬಹಳ ತಡವಾಗಿ ಬಂತು. ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ತಗಡಿನ ಡಬ್ಬಿಗೆ ಪೇಟೆಂಟ್ ಪಡೆದದ್ದು 1810ರಲ್ಲಿ. ಅಮೆರಿಕದ ಎಜ್ರಾ ವಾರ್ನರ್ ಡಬ್ಬಿ ತೆರೆಯುವ ಸಾಧನಕ್ಕೆ ಪೇಟೆಂಟ್ ಪಡೆದದ್ದು 1858ರಲ್ಲಿ. ನಡುವಿನ ಅರ್ಧ ಶತಮಾನ ಉಳಿ-ಸುತ್ತಿಗೆಯೇ ಗತಿ. ಸಾಧನವೇ ಬೇಡವಾಗಿಸಿದವರು ಒಹಾಯೋದ ಡೇಟನ್‌ನ ಅರ್ಮಲ್ ಫ್ರೇಜ್. 1960ರ ದಶಕದ ಆರಂಭದಲ್ಲಿ ಬಂದ ಅವರ ಮುಚ್ಚಳದಲ್ಲಿ ಎರಡು ಸೂಕ್ಷ್ಮಗಳಿವೆ. ತೆಳುವಾದ ಅಲ್ಯೂಮಿನಿಯಂ ಮುಚ್ಚಳದಲ್ಲಿ ಬಾಯಿಯ ಆಕಾರಕ್ಕೆ ಗೀರು ಹಾಕಬೇಕು: ಗೀರಿನ ತಳದಲ್ಲಿ ಉಳಿದ ಲೋಹ ಒಳಗಿನ ಅನಿಲದ ಒತ್ತಡವನ್ನು ತಡೆಯುವಷ್ಟು ದಪ್ಪ, ಬೆರಳಿಗೆ ಸೋಲುವಷ್ಟು ತೆಳು. ಎರಡನೆಯದು, ಎಳೆಯುವ ಕಿವಿಯನ್ನು ಜೋಡಿಸಲು ಮುಚ್ಚಳಕ್ಕೆ ತೂತು ಕೊರೆಯುವಂತಿಲ್ಲ, ಕೊರೆದರೆ ಸೋರುತ್ತದೆ. ಮುಚ್ಚಳದ ಲೋಹವನ್ನೇ ಮೇಲಕ್ಕೆ ಉಬ್ಬಿಸಿ, ಆ ಗುಬ್ಬಿಗೆ ಕಿವಿಯನ್ನು ಸಿಕ್ಕಿಸಿ, ತಲೆಯನ್ನು ಚಪ್ಪಟೆ ಮಾಡಿ ರಿವೆಟ್ ಮಾಡಿದರು. ಕಿತ್ತು ಬರುವ ಆ ಕಿವಿಗಳು ಸಮುದ್ರತೀರಗಳಲ್ಲಿ ರಾಶಿ ಬಿದ್ದು ಬರಿಗಾಲುಗಳನ್ನು ಸೀಳತೊಡಗಿದವು. 1975ರಲ್ಲಿ ರೆನಾಲ್ಡ್ಸ್ ಮೆಟಲ್ಸ್ ಕಂಪನಿಯ ಡೇನಿಯಲ್ ಕಡ್ಜಿಕ್ ಅವರ ವಿನ್ಯಾಸ ಬಂತು. ಅದರಲ್ಲಿ ಕಿವಿ ಸನ್ನೆಯಂತೆ ಕೆಲಸ ಮಾಡಿ ಬಾಯಿಯ ತುಂಡನ್ನು ಒಳಕ್ಕೆ ಮಡಚುತ್ತದೆ, ಎರಡೂ ಡಬ್ಬಿಯಲ್ಲೇ ಉಳಿಯುತ್ತವೆ. ತಂಪು ಪಾನೀಯದ ಕ್ಯಾನುಗಳಲ್ಲಿ ಈಗ ಇರುವುದು ಇದೇ ವಂಶದ್ದು.

ಸ್ವೀಡನ್ನಿನ ಟೆಟ್ರಾ ಪ್ಯಾಕ್‌ನ ಹಣ್ಣಿನ ರಸದ ಡಬ್ಬಿ ಚುಚ್ಚಿ ತೆರೆಯುವಂಥದ್ದು. ಸ್ಟ್ರಾ ಇಳಿಸುವ ಜಾಗದಲ್ಲಿ ರಟ್ಟಿಗೆ ಮೊದಲೇ ತೂತು ಹೊಡೆದು, ಅದರ ಮೇಲೆ ಪಾಲಿಥೀನ್ ಮತ್ತು ಅಲ್ಯೂಮಿನಿಯಂ ಪದರಗಳನ್ನು ಮಾತ್ರ ಉಳಿಸಿರುತ್ತಾರೆ. ಸ್ಟ್ರಾದ ಓರೆ ತುದಿ ಇಲ್ಲಿ ಕಚ್ಚಿನ ಕೆಲಸ ಮಾಡುತ್ತದೆ.

ವಸ್ತುವಿನ ಲೆಕ್ಕ ಸರಿಯಾದರೂ ಕೈಯ ಲೆಕ್ಕ ಉಳಿಯುತ್ತದೆ. ಹೆಬ್ಬೆರಳು ಮತ್ತು ತೋರುಬೆರಳ ತುದಿಗಳಿಂದ ಚಿವುಟಿ ಹಿಡಿಯುವುದಕ್ಕಿಂತ, ಬೀಗದ ಕೈ ಹಿಡಿದಂತೆ ಹೆಬ್ಬೆರಳನ್ನು ತೋರುಬೆರಳ ಪಕ್ಕಕ್ಕೆ ಒತ್ತಿ ಹಿಡಿದರೆ ಬಲ ಸುಮಾರು ಒಂದೂವರೆ ಪಟ್ಟು. ಮುಚ್ಚಳದ ಕಿವಿ ಹಾಗೆ ಹಿಡಿಯುವಷ್ಟು ದೊಡ್ಡದಿರಬೇಕು. ಬಹಳಷ್ಟು ಕಪ್ಪುಗಳಲ್ಲಿ ಇರುವುದು ಉಗುರಿಗೆ ಸಿಕ್ಕರೆ ಸಿಕ್ಕಿತು ಎನ್ನುವಷ್ಟು ಚೂರು. ಹಿಡಿತ ಎಷ್ಟೇ ಬಲವಾಗಿದ್ದರೂ ಎಳೆಯುವ ಬಲಕ್ಕೆ ಮಿತಿ ಹಾಕುವುದು ಘರ್ಷಣೆ. ಊಟದ ನಡುವೆ ಎಣ್ಣೆ ಕೈಯಲ್ಲಿ ಉಪ್ಪಿನಕಾಯಿ ಸ್ಯಾಶೆ ಜಾರುವುದನ್ನು ಪ್ರಯೋಗಾಲಯದ ಒಣ ಕೈ ಕಾಣುವುದೇ ಇಲ್ಲ. ಗಂಟು ಸವೆದ ಬೆರಳುಗಳ, ಕಣ್ಣು ಮಂಜಾದ ವೃದ್ಧರಿಗೆ ಈ ಸ್ಯಾಶೆ ಬರೀ ಕಿರಿಕಿರಿಯಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಆಸ್ಪತ್ರೆಗಳಲ್ಲಿ ಹಾಸಿಗೆ ಹಿಡಿದ ವೃದ್ಧ ರೋಗಿಗಳು ಪೊಟ್ಟಣ ತೆರೆಯಲಾಗದೆ ಊಟ ಬಿಡುತ್ತಿರುವುದು ಗಮನಕ್ಕೆ ಬಂದ ಮೇಲೆ, ಅಲ್ಲಿನ ಸಂಧಿವಾತ ಸಂಸ್ಥೆ ಅಮೆರಿಕದ ಜಾರ್ಜಿಯಾ ಟೆಕ್ ಸಂಶೋಧಕರೊಂದಿಗೆ ಸೇರಿ ಪೊಟ್ಟಣಗಳಿಗೆ ಅಂಕ ಕೊಡುವ ಪದ್ಧತಿ ರೂಪಿಸಿತು. ಬೆರಳು ಮಡಚಲು ತಡೆಯೊಡ್ಡುವ ಕೈಗವಸು ಹಾಕಿಕೊಂಡು ಎಳೆಯ ವಿನ್ಯಾಸಕಾರರು ತಮ್ಮ ಪೊಟ್ಟಣವನ್ನು ತಾವೇ ತೆರೆದು ನೋಡಬಹುದು. ಸುಲಭವಾಗಿ ತೆರೆಯುವ ಪೊಟ್ಟಣಕ್ಕೆ ಅಂತರರಾಷ್ಟ್ರೀಯ ಮಾನದಂಡವೂ 2015ರಲ್ಲಿ ಬಂತು, ಐಎಸ್ಒ 17480 ಎಂಬ ಸಂಖ್ಯೆಯಲ್ಲಿ.

ಕೈಗವಸಿನ ಪ್ರಶ್ನೆ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯಕ್ಕೂ ಹೊಸದಲ್ಲ. ಅದು ಸೈನಿಕರಿಗೆ ರೂಪಿಸಿದ ಸಿದ್ಧ ಊಟದ ರಿಟಾರ್ಟ್ ಪೌಚುಗಳನ್ನು ಸುಮಾರು 121 ಡಿಗ್ರಿ ಸೆಲ್ಸಿಯಸ್ ಹಬೆಯ ಒತ್ತಡದಲ್ಲಿ ಬೇಯಿಸಿ ಕ್ರಿಮಿಮುಕ್ತ ಮಾಡಬೇಕು. ಪಾಲಿಥೀನ್ ಆ ಬಿಸಿಗೆ ನಿಲ್ಲದು. ಒಳಪದರಕ್ಕೆ ಪಾಲಿಪ್ರೊಪಿಲೀನ್ ಬೇಕು. ಸುಲಿಯುವಷ್ಟು ಮೆತ್ತನೆಯ ಸೀಲ್ ಬೇಯುವಾಗಲೇ ಬಿಟ್ಟುಕೊಂಡೀತು. ಆದ್ದರಿಂದ ಇಂಥ ಪೌಚಿನಲ್ಲಿ ಸೀಲನ್ನು ಗಟ್ಟಿಯಾಗಿಯೇ ಬಿಟ್ಟು, ಸೀಲಿನ ಅಂಚಿನಲ್ಲಿ ಕಚ್ಚು ಕೊಟ್ಟು ಹರಿಯಲು ಅನುವು ಮಾಡುವುದೇ ರೂಢಿ. ಹಿಮದ ನೆಲೆಯಲ್ಲಿ ಕೈಗವಸು ಬಿಚ್ಚದೆ ಕತ್ತರಿಯಿಲ್ಲದೆ ತೆರೆಯಬೇಕಾದವನಿಗೆ ಕಚ್ಚು ಕಣ್ಣಿಗೆ ಕಾಣುವಷ್ಟು, ಅದರ ಎರಡೂ ಬದಿಯ ಅಂಚು ಹಿಡಿಯಲು ಸಿಗುವಷ್ಟು ದೊಡ್ಡದಿರಬೇಕು.

ತೆರೆದ ಮೇಲೆ ಏನು ಉಳಿಯುತ್ತದೆ ಎನ್ನುವುದು ಈಗ ವಿನ್ಯಾಸದ ಭಾಗ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಕತ್ತರಿಸಿ ಬಿಸಾಡಿದ ಬೆರಳಗಲದ ಚೂರು ಯಾವ ಚಿಂದಿ ಆಯುವವನ ಕೈಗೂ ಸಿಗದು. ಪ್ಯಾಕೆಟ್ ಗುಜರಿಗೆ ಹೋದರೂ ಚೂರು ಚರಂಡಿಗೆ ಹೋಗುತ್ತದೆ. ಮೂಲೆಯನ್ನು ಪೂರ್ತಿ ಕತ್ತರಿಸದೆ ಅಂಟಿಕೊಂಡಿರಲು ಬಿಡಬೇಕೆಂಬ ಮಾತು ಬಂದಿರುವುದು ಇದಕ್ಕೇ. ಐರೋಪ್ಯ ಒಕ್ಕೂಟದಲ್ಲಿ 2024ರ ಜುಲೈಯಿಂದ ಪ್ಲಾಸ್ಟಿಕ್ ಪಾನೀಯ ಬಾಟಲಿಗಳ ಬಿರಡೆ ತೆರೆದ ಮೇಲೂ ಬಾಟಲಿಗೇ ತಗುಲಿಕೊಂಡಿರಬೇಕು. ಭಾರತದಲ್ಲಿ 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾ ನಿಷಿದ್ಧ. ರಸದ ಡಬ್ಬಿಗಳಿಗೆ ಕಾಗದದ ಸ್ಟ್ರಾ ಬಂದಿದೆ. ಬೇಗ ಮೆತ್ತಗಾಗುವ ಅದರ ತುದಿ ಎರಡನೇ ಸಲ ಚುಚ್ಚಲು ಬಾರದು ಎಂಬ ದೂರು ಮಕ್ಕಳದು.

ಇದಕ್ಕಿಂತ ದೊಡ್ಡ ತೊಡಕು ಪದರಗಳದು. ಹರಿಯಲು ಅನುಕೂಲವಾದ ಗಡುಸು ಪಾಲಿಯೆಸ್ಟರ್ ಮತ್ತು ಅಂಟಲು ಅನುಕೂಲವಾದ ಪಾಲಿಥೀನ್ ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಸ್ಯಾಶೆಯನ್ನು ಮರುಬಳಕೆಗೆ ಕರಗಿಸಲು ಆಗುವುದಿಲ್ಲ. ಅದಕ್ಕಾಗಿ ಹೊರಪದರವನ್ನೂ ಪಾಲಿಥೀನಿನಲ್ಲೇ ಮಾಡುವ ಪೌಚುಗಳು ಬರುತ್ತಿವೆ. ತಯಾರಿಕೆಯಲ್ಲಿ ಪಾಲಿಥೀನನ್ನು ಒಂದೇ ದಿಕ್ಕಿಗೆ ಹಲವು ಪಟ್ಟು ಎಳೆದರೆ ಅದು ಗಡುಸಾಗಿ, ಹಿಗ್ಗುವ ಚಾಳಿ ಬಿಟ್ಟು, ಎಳೆದ ದಿಕ್ಕಿನಲ್ಲಿ ನೇರವಾಗಿ ಹರಿಯುತ್ತದೆ. ಪಾಲಿಯೆಸ್ಟರ್ ಕರಗಲು ಸುಮಾರು 255 ಡಿಗ್ರಿ ಬೇಕಿತ್ತು. ಈಗ ಹೊರಪದರವೂ ಒಳಪದರವೂ ಹತ್ತಿರಹತ್ತಿರದ ಶಾಖದಲ್ಲಿ ಕರಗುತ್ತವೆ. ದವಡೆಯ ಬಿಸಿ ಸ್ವಲ್ಪ ಹೆಚ್ಚಾದರೆ ಒಳಗಿನ ಸೀಲಿನ ಜೊತೆಗೆ ಹೊರಮೈಯೂ ಸುಕ್ಕುಗಟ್ಟುತ್ತದೆ. ಒಳಪದರಕ್ಕೆ ಇನ್ನಷ್ಟು ಕಡಿಮೆ ಶಾಖದಲ್ಲಿ ಕರಗುವ ಪಾಲಿಥೀನ್ ಬಳಸುವುದು, ಯಂತ್ರದ ವೇಗ ತಗ್ಗಿಸುವುದು ಈಗ ಇರುವ ಪರಿಹಾರಗಳು.